ನನ್ನ ಪಾಲಿನ ಹುಲ್ಲು

ನನ್ನ ಚೂಡಿದಾರದ ಪ್ಯಾಂಟುಗಳನ್ನು ಸಾಲಾಗಿ ಒಣಹಾಕಿದರೆ ಎಲ್ಲದರ ಕಾಲಂಚಿನಲ್ಲೂ ಒಂದು ಹಸಿರು ಕಲೆ ಕಾಣುತ್ತದೆ. ನಿಂಬೆಹಣ್ಣು ತಿಕ್ಕಿ ನೋಡಿದ್ದೇನೆ, ಸೋಡಾ ಹಾಕಿ ನೆನೆಸಿದ್ದೇನೆ, ಟೀವಿಯಲ್ಲಿ ತೋರಿಸುವ ಪುಡಿಗಳನ್ನೆಲ್ಲ ತಂದು ಸುರಿದಿದ್ದೇನೆ. ಹೋಗುವುದಿಲ್ಲ. ಮೊನ್ನೆ ಯಲಹಂಕದ ಬಟ್ಟೆ ಅಂಗಡಿಯ ಹುಡುಗಿ ನನ್ನ ಕಾಲಿನ ಕಡೆ ನೋಡಿ, ನಾಲ್ಕು ಜನರಿಗೆ ಕೇಳಿಸದಂತೆ, "ಆಂಟಿ, ಎಲ್ಲೋ ಪೇಂಟ್ ಹತ್ಕೊಂಡಿದೆ" ಎಂದಳು. ಪೇಂಟಲ್ಲ ಕಣಮ್ಮ, ಹುಲ್ಲು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಹೊರಟಿದ್ದರೆ ಅಂಗಡಿ ಬಾಗಿಲು ಹಾಕುವ ಹೊತ್ತಾಗುತ್ತಿತ್ತು. ನಿಮಗೆ ಪುರಸೊತ್ತಿದ್ದರೆ ಹೇಳುತ್ತೇನೆ.

ನಮ್ಮ ಅಪ್ಪನ ಅಂಗಿಗಳಲ್ಲೂ ಕಲೆ ಇರುತ್ತಿತ್ತು. ಅದು ನೀಲಿ. ರಾಜಾನುಕುಂಟೆಯ ಹತ್ತಿರ ನಮ್ಮದು ದ್ರಾಕ್ಷಿ ತೋಟ. ಬಳ್ಳಿಗೆ ರೋಗ ಬಾರದಿರಲೆಂದು ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಿದ್ದರು. ಹೊಡೆದವರ ಬಟ್ಟೆ, ಕೈ, ಕಿವಿಯ ಹಿಂಭಾಗ ಎಲ್ಲ ತಿಳಿ ನೀಲಿಯಾಗುತ್ತಿತ್ತು. ಮದುವೆಮನೆಗೆ ಹೋದರೂ ಅಪ್ಪನ ಉಗುರಿನ ಸಂದಿಯಲ್ಲಿ ಆ ನೀಲಿ ಇರುತ್ತಿತ್ತು. ಅಮ್ಮನಿಗೆ ಅದೊಂದು ಮುಜುಗರ. ನನಗೆ ಮಾತ್ರ, ನೂರು ಜನರ ನಡುವೆಯೂ ಕೈ ನೋಡಿ ಅಪ್ಪನನ್ನು ಗುರುತು ಹಿಡಿಯಬಹುದಲ್ಲ ಎಂದು ಖುಷಿ.

ಕಲ್ಲುಕಂಬ ನೆಟ್ಟು, ತಂತಿ ಎಳೆದು ಕಟ್ಟಿದ ಚಪ್ಪರದ ಕೆಳಗೆ ಮಧ್ಯಾಹ್ನದಲ್ಲೂ ತಂಪು. ಅಲ್ಲಿ ಹುಲ್ಲು ಸೊಂಪಾಗಿ ಬೆಳೆಯುತ್ತಿತ್ತು. ಅಮ್ಮ ಕುಡುಗೋಲು ಹಿಡಿದು ಕೂತಲ್ಲಿಂದಲೇ ಸರಿಯುತ್ತ ಕೊಯ್ಯುವಳು, ನಾನು ಹೊರೆ ಕಟ್ಟಿ ಹಸುವಿಗೆ ಹಾಕುವೆ. ಹುಲ್ಲು ಅಂದರೆ ನಮಗೆ ಹಾಲು. ಅದನ್ನು ಕತ್ತರಿಸಲು ದುಡ್ಡು ಕೊಟ್ಟು ಜನ ಕರೆಯುತ್ತಾರೆ, ಕತ್ತರಿಸಿದ್ದನ್ನು ಹೊರಗೆ ಎಸೆಯಲು ಬೇರೆ ಕೊಡುತ್ತಾರೆ ಎಂದು ಆಗ ಯಾರಾದರೂ ಹೇಳಿದ್ದರೆ ಅಮ್ಮ ಅವರನ್ನು ಕೂರಿಸಿ ತಲೆಗೆ ಎಣ್ಣೆ ಇಡುತ್ತಿದ್ದಳು.

ದ್ರಾಕ್ಷಿ ಹೋಯಿತು, ಅಪ್ಪ ಅಮ್ಮ ಇಬ್ಬರೂ ಹೋದರು. ಜಮೀನು ಭಾಗ ಮಾಡುವಾಗ ನಮ್ಮಣ್ಣ ಮುನಿರಾಜಣ್ಣ ನನಗೆ ಸೀರೆ, ಅರಿಶಿನ ಕುಂಕುಮ ಕೊಟ್ಟು ಸಹಿ ಹಾಕಿಸಿಕೊಳ್ಳೋಣ ಎಂದುಕೊಂಡಿದ್ದ. ನಾನು ನಗರ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ತುಂಬಿದ ಬಸ್ಸಿನಲ್ಲಿ ಯಾರ್‍ಯಾರು ಟಿಕೆಟ್ ತೆಗೆದುಕೊಂಡಿಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದೆ. ಅಣ್ಣನ ಮುಖವೂ ಗೊತ್ತಾಯಿತು. ಸೀರೆ ತೆಗೆದುಕೊಂಡೆ, ಪಾಲನ್ನೂ ಕೇಳಿದೆ. ಕೊಟ್ಟ, ಆದರೆ ಬಹಳ ಕಾಲ ಮಾತು ಬಿಟ್ಟ. ತನ್ನ ಪಾಲನ್ನು ಲೇಔಟ್ ಮಾಡುವವರಿಗೆ ಮಾರಿ, ಸಹಕಾರನಗರದಲ್ಲಿ ಫ್ಲ್ಯಾಟ್ ತೆಗೆದುಕೊಂಡ. ಮಾತು ಮತ್ತೆ ಶುರುವಾದ ಮೇಲೂ ನನ್ನ ಜಾಗಕ್ಕೆ ಅವನು 'ಅಪ್ಪನ ಜಮೀನು' ಎನ್ನುತ್ತಿದ್ದನೇ ಹೊರತು ನಿನ್ನದು ಎಂದವನಲ್ಲ.

ನಾವು ಯಶವಂತಪುರದ ಬಾಡಿಗೆ ಮನೆ ಬಿಟ್ಟು ಬಂದು ಆ ಜಾಗದ ಮೂಲೆಯಲ್ಲೊಂದು ಸಣ್ಣ ಮನೆ ಕಟ್ಟಿದೆವು. ಉಳಿದದ್ದೆಲ್ಲ ಬಯಲು. ನಾನು ಅವರೆ, ತೊಗರಿ ಹಾಕೋಣವೆಂದಿದ್ದೆ. ನಮ್ಮ ಯಜಮಾನರು ರಾಜಣ್ಣನವರದು ಬೇರೆಯೇ ಕನಸು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಫೈಲು ಹೊತ್ತು ದೊಡ್ಡ ಸಾಹೇಬರ ಬಂಗಲೆಗೆ ಹೋದಾಗಲೆಲ್ಲ ಸಾಹೇಬರು ಹುಲ್ಲಿನ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರಂತೆ. ಸಾಯುವುದರೊಳಗೆ ಒಂದು ದಿನವಾದರೂ ಹಾಗೆ ಕೂರಬೇಕು ಎಂದರು. ನಲವತ್ತು ದಾಟಿದ ಮೇಲೆ ಗಂಡ ಬಾಯಿಬಿಟ್ಟು ಕೇಳುವುದೇ ಅಪರೂಪ. ಹಾಕಿಸಿಕೊಳ್ಳಿ ಎಂದೆ.

ಹುಲ್ಲು ಹಾಸಿದವರೇ ಅದನ್ನು ನೋಡಿಕೊಳ್ಳುವ ಗುತ್ತಿಗೆಯನ್ನೂ ಹಿಡಿದರು. ಒಂದೇ ಬಣ್ಣದ ಟೀ ಶರ್ಟು ಹಾಕಿದ ಮೂವರು ವ್ಯಾನಿನಲ್ಲಿ ಬಂದು, ಹುಲ್ಲು ಕತ್ತರಿಸುವ ಮೆಷಿನ್ ಓಡಿಸಿ, ಗೊಬ್ಬರ ಚೆಲ್ಲಿ ಹೋಗುತ್ತಿದ್ದರು. ಅವರ ಸೂಪರ್‌ವೈಸರ್ ಅಂಗಳದ ನೆಲ್ಲಿಮರದ ಕೆಳಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಒಂದು ದಿನ ನೋಡಿದರೆ ನಮ್ಮ ಅಂಗಳದಲ್ಲಿ ಒಂದು ಬೋರ್ಡು ನಿಂತಿದೆ, ಹುಲ್ಲಿನ ಮೇಲೆ ನಡೆಯಬಾರದು ಅಂತ. ಯಜಮಾನರು ಅದಕ್ಕೆ ವಿಧೇಯರಾಗಿ ಸಿಮೆಂಟಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು, ದೂರದಿಂದಲೇ ಹುಲ್ಲು ನೋಡುತ್ತ ಪೇಪರ್ ಓದತೊಡಗಿದರು.

ನಾನು ಅಷ್ಟು ಸಾಧು ಅಲ್ಲ. ಬೇಸಗೆಯಲ್ಲಿ ಹುಲ್ಲಿನ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಇಟ್ಟಿದ್ದೆ. ಸೂಪರ್‌ವೈಸರ್ ಬಂದವನೇ ಹೌಹಾರಿದ. ಹೀಗೆ ಮಾಡಿದರೆ ಹುಲ್ಲು ಸುಟ್ಟು ಹೋಗುತ್ತದೆ, ತಾವು ಜವಾಬ್ದಾರರಲ್ಲ ಎಂದ. ಆಮೇಲೆ ನನಗೆ ಅರ್ಥವಾಗಲಿ ಎಂದು ಬಿಡಿಸಿ ಹೇಳಿದ. "ಮೇಡಂ, ನೀವು ಆ ಕಡೆಯಿಂದಾನೇ ಓಡಾಡಿ. ಇದು ಮೇಂಟೆನೆನ್ಸ್ ಏರಿಯಾ."

ಮೂವತ್ತು ವರ್ಷ ಊರಿನ ಜನಕ್ಕೆಲ್ಲ ಮುಂದೆ ಹೋಗಿ, ಒಳಗೆ ಬನ್ನಿ ಎಂದು ಹೇಳಿದವಳು ನಾನು. ನನ್ನ ಅಪ್ಪನ ಮಣ್ಣಿನಲ್ಲಿ ನಿಂತು ನನಗೇ ಆ ಕಡೆ ಹೋಗಿ ಎಂದನಲ್ಲ! ಆದರೂ ಅವತ್ತು ಸಂಡಿಗೆ ಎತ್ತಿಕೊಂಡು ತಾರಸಿಗೆ ಹೋದೆ.

ಅದೇ ಹೊತ್ತಿಗೆ ಅಣ್ಣ ಒಂದು ಸುದ್ದಿ ತಂದ. ನಮ್ಮ ಸುತ್ತಿನ ಜಾಗ ಕೊಂಡಿದ್ದ ಬಿಲ್ಡರ್ ವಿಲ್ಲಾ ಕಟ್ಟುತ್ತಾನಂತೆ, ನನ್ನ ಪಾಲೂ ಬೇಕಂತೆ. ಅಣ್ಣ ನನ್ನ ಹತ್ತಿರ ಮಾತಾಡದೆ ಯಜಮಾನರ ಪಕ್ಕದಲ್ಲಿ ಕೂತು ಹೇಳಿದ. "ಭಾವ, ನೀವೇ ಯೋಚ್ನೆ ಮಾಡಿ. ಒಂದು ಉಲ್ಲು ಕುಯ್ಸೋಕೇ ಕಂಪ್ನಿ ಕರೀಬೇಕು ನೀವು. ಎಣ್ಣೆಂಗ್ಸು ಇಷ್ಟಗಲ ಜಾಗ ಇಟ್ಕಂಡು ಏನ್ ಮಾಡ್ತಾಳೆ? ಸರೋಜಿ ಮಂಡೀನೂ ಸರಿ ಇಲ್ಲ." ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದೆ. ನನ್ನ ಮಂಡಿಯ ವಿಷಯ ನಿಜ. ಬಸ್ಸಿನಲ್ಲಿ ನಿಂತೂ ನಿಂತೂ ಸವೆದಿದ್ದಕ್ಕೆ ಎಡಗಾಲಿಗೆ ಆಪರೇಷನ್ ಆಗಿತ್ತು.

ಅಣ್ಣ ಹೋದ ಮೇಲೆ ಯಜಮಾನರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಫ್ಲ್ಯಾಟಾದರೆ ಲಿಫ್ಟ್ ಇರುತ್ತದೆ, ಆಸ್ಪತ್ರೆ ಹತ್ತಿರ, ಈ ಬಯಲನ್ನು ಎಷ್ಟು ದಿನ ನೋಡಿಕೊಳ್ಳುವುದು ಎಂದೆಲ್ಲ ಗೋಡೆಗೆ ಹೇಳುವವರಂತೆ ಹೇಳಿದರು. ಅವರು ಕೆಟ್ಟವರಲ್ಲ. ಹೆದರಿಕೆ ಅವರ ಸ್ವಭಾವ.

ನಾನು ಅವರ ಎದುರು ಕೂತು ಹೇಳಿದೆ. "ಈ ಮಳೆಗಾಲ ಪೂರ್ತಿ ಹುಲ್ಲು ನಾನೇ ನೋಡ್ಕೋತೀನಿ. ಹೊರಗಿನವರು ಒಬ್ರೂ ಕೈ ಹಾಕ್ಬಾರ್ದು. ನನ್ ಕೈಲಿ ಆಗ್ಲಿಲ್ಲ ಅಂದ್ರೆ ನಾನೇ ಅಣ್ಣಂಗೆ ಫೋನ್ ಮಾಡಿ ಸಹಿ ಹಾಕ್ತೀನಿ ಅಂತೀನಿ."

ಮಳೆಗಾಲವೇ ಯಾಕೆ ಹೇಳಿದೆನೋ. ಹುಲ್ಲಿಗೆ ಹುಚ್ಚು ಹಿಡಿಯುವ ಕಾಲ ಅದು. ಮಾತು ಬಾಯಿಂದ ಬಿದ್ದಾಗಿತ್ತು. ಯಜಮಾನರು ಕನ್ನಡಕ ತೆಗೆದು ನನ್ನ ಮಂಡಿ ನೋಡಿದರು. ಆಮೇಲೆ ಮುಖ ನೋಡಿದರು. ಆಯ್ತು ಎಂದರು.

ಗುತ್ತಿಗೆಯವರನ್ನು ಬಿಡಿಸಿದೆ. ಬೋರ್ಡನ್ನು ಕಿತ್ತು ಸೌದೆ ಒಲೆಗೆ ಹಾಕಿ ನೀರು ಕಾಯಿಸಿದೆ. ಪೆಟ್ರೋಲಿನಲ್ಲಿ ಓಡುವ, ಹಿಂದಿನಿಂದ ತಳ್ಳುವ ಒಂದು ಮೆಷಿನ್ ಕೊಂಡು ತಂದೆ. ಅಂಗಡಿಯವನು ಹಗ್ಗ ಎಳೆದು ತೋರಿಸಿದಾಗ ಒಂದೇ ಸಲಕ್ಕೆ ಹೊತ್ತಿಕೊಂಡಿದ್ದ ಅದು, ಮನೆಗೆ ಬಂದ ಮೇಲೆ ಉಸಿರೇ ಬಿಡಲಿಲ್ಲ. ನಾನು ಎಳೆದೆ, ಎಳೆದೆ, ಕಾಲು ಕೊಟ್ಟು ಎಳೆದೆ. ಹಗ್ಗದ ಜೊತೆ ನಾನೇ ಹಿಂದಕ್ಕೆ ಬಂದು ಹುಲ್ಲಿನ ಮೇಲೆ ಕೂತೆ. ಕಟ್ಟೆಯ ಮೇಲೆ ಯಜಮಾನರ ಪೇಪರ್ ಮೇಲೇರಿ ಮುಖ ಮುಚ್ಚಿತು. ನಗುತ್ತಿದ್ದರು ಎಂದು ಪೇಪರ್ ನಡುಗುವುದರಲ್ಲೇ ಗೊತ್ತಾಗುತ್ತಿತ್ತು.

ಕಾಂಪೌಂಡಿನ ಆಚೆಯಿಂದ ಇದನ್ನು ನೋಡುತ್ತಿದ್ದವಳು ಪಕ್ಕದ ಮನೆಯ ಪರ್ವೀನ್. ಆರ್.ಟಿ. ನಗರದಲ್ಲಿ ಅವಳ ತಂದೆಯ ಸ್ಕೂಟರ್ ಗ್ಯಾರೇಜಿತ್ತು. ಅಲ್ಲೇ ಪೆಟ್ರೋಲ್ ವಾಸನೆಯಲ್ಲಿ ಬೆಳೆದವಳು. ಈಗ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಗೇಟು ದಾಟಿ ಬಂದು, ದುಪಟ್ಟಾ ಸೊಂಟಕ್ಕೆ ಬಿಗಿದು ಮೆಷಿನ್ ಮುಂದೆ ಕುಕ್ಕರಗಾಲಲ್ಲಿ ಕೂತಳು. ಇಂಜಿನ್ ತಂಪಿರುವಾಗ ಚೋಕ್ ಕೊಡಬೇಕು, ಹೊತ್ತಿಕೊಂಡ ಮೇಲೆ ತೆಗೆಯಬೇಕು, ಹಗ್ಗವನ್ನು ಸಿಟ್ಟಿನಲ್ಲಿ ಎಳೆಯಬಾರದು ಎಂದಳು. "ಮೊದ್ಲು ಸ್ವಲ್ಪ ಎಳೀರಿ ಅಕ್ಕ, ಎಲ್ಲಿ ಬಿಗಿ ಆಗ್ತದೆ ನೋಡ್ರಿ. ಅಲ್ಲಿಂದ ಜೋರಾಗಿ." ಹಾಗೆ ಮಾಡಿದೆ. ಮೆಷಿನ್ ಗುಡುಗಿತು. ನಾವಿಬ್ಬರೂ ಶಾಲೆ ಹುಡುಗಿಯರ ಹಾಗೆ ಕೈ ಕೈ ಹಿಡಿದುಕೊಂಡೆವು. ಕತ್ತರಿಸಿದ ಹುಲ್ಲು ಅವಳ ಮನೆಯ ಕುರಿಗಳಿಗೆ ಎಂದು ಅವತ್ತೇ ತೀರ್ಮಾನವಾಯಿತು.

ಮೊದಲ ಸಲದ ಕೆಲಸವನ್ನು ನೀವು ನೋಡದಿದ್ದದ್ದೇ ಒಳ್ಳೆಯದು. ಎಳೆಗೂಸಿಗೆ ಹೊಸ ಕ್ಷೌರಿಕ ಮುಡಿ ತೆಗೆದ ಹಾಗೆ, ಅಲ್ಲಲ್ಲಿ ಬೋಳು, ಅಲ್ಲಲ್ಲಿ ಜುಟ್ಟು. ಮಂಡಿ ಊದಿಕೊಂಡು ಎರಡು ದಿನ ಮಂಚದ ಮೇಲಿದ್ದೆ. ಯಜಮಾನರು ಬಿಸಿನೀರಿನ ಚೀಲ ತಂದಿಟ್ಟರು. ಮಲಗಿಕೊಂಡೇ ಯೋಚಿಸಿದೆ. ಡ್ಯೂಟಿಯಲ್ಲಿದ್ದಾಗ ಇಡೀ ದಿನವನ್ನು ನೆನೆದು ಯಾರಾದರೂ ಬಸ್ಸು ಹತ್ತಿದ್ದುಂಟೇ? ಒಂದು ಟ್ರಿಪ್ಪು, ಆಮೇಲೆ ಚಹಾ, ಆಮೇಲೆ ಇನ್ನೊಂದು ಟ್ರಿಪ್ಪು. ಹುಲ್ಲಿಗೂ ಅದನ್ನೇ ಹಿಡಿದೆ. ಗೇಟಿನಿಂದ ನೆಲ್ಲಿಮರದವರೆಗೆ ಹೋಗುವುದೊಂದು ಟ್ರಿಪ್ಪು, ಬರುವುದೊಂದು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಒಂದು ಮೂಲೆಯಿಂದ ಹೊರಟು ಇನ್ನೊಂದು ಮೂಲೆ ಮುಟ್ಟುವ ಹೊತ್ತಿಗೆ ಮೊದಲ ಮೂಲೆ ಮತ್ತೆ ಬೆಳೆದು ನಿಂತಿರುತ್ತಿತ್ತು. ಇದಕ್ಕೆ ಕೊನೆಯಿಲ್ಲ ಎಂದು ಗೊತ್ತಾದ ದಿನ ನನಗೆ ಬೇಸರವಾಗಲಿಲ್ಲ. ನನ್ನ ರೂಟಿಗೂ ಕೊನೆ ಇರಲಿಲ್ಲ.

ನೆಲದ ಪರಿಚಯವೂ ಆಗತೊಡಗಿತು. ಗುತ್ತಿಗೆಯವರ ಕಾಲದಲ್ಲಿ ಎಲ್ಲ ಒಂದೇ ಹಸಿರಾಗಿ ಕಂಡದ್ದು, ತಳ್ಳುತ್ತ ನಡೆದಾಗ ಬೇರೆ ಬೇರೆಯಾಯಿತು. ಇಲ್ಲಿ ಹಳೆ ಬಾವಿಯ ಕಡೆಯ ಇಳಿಜಾರು, ಇಲ್ಲಿ ಹಸು ಕಟ್ಟುತ್ತಿದ್ದ ಜಾಗ, ಇವತ್ತಿಗೂ ಅಲ್ಲಿ ಹುಲ್ಲು ಕಡು ಹಸಿರು. ಮಳೆ ನಿಂತ ಸಂಜೆ ಹಸಿ ಹುಲ್ಲಿನ ವಾಸನೆ ಎದ್ದರೆ ಅಮ್ಮ ಮುಂದೆ ಮುಂದೆ ಸರಿಯುತ್ತ ಹೋಗುತ್ತಿದ್ದಾಳೆ, ನಾನು ಹಿಂದೆ ಬರುತ್ತಿದ್ದೇನೆ ಅನ್ನಿಸುತ್ತಿತ್ತು. ನೆಟ್ಟಗೆ ಸಾಲು ಬಂದ ದಿನ ತಾರಸಿ ಹತ್ತಿ ಮೇಲಿನಿಂದ ನೋಡುತ್ತಿದ್ದೆ. ಮಂಡಿ ನೋವಿದ್ದವಳು ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರ್ ಹೇಳಿದ್ದರು. ಆದರೆ ನೋಡದೆ ಇರುವುದು ಹೇಗೆ ಹೇಳಿ? ರೇಷ್ಮೆ ಸೀರೆಯ ಪಟ್ಟೆಯ ಹಾಗೆ ಒಂದು ಸಾಲು ತಿಳಿ, ಒಂದು ಸಾಲು ಕಡು. ವಾಕಿಂಗ್ ಹೋಗುವವರು ಗೇಟಿನ ಬಳಿ ನಿಂತು ನೋಡಿ ಹೋಗುತ್ತಿದ್ದರು. ನಾನು ಒಳಗೇನೋ ಕೆಲಸವಿದ್ದಂತೆ ನಟಿಸುತ್ತ ಅವರ ಮಾತು ಕೇಳಿಸಿಕೊಳ್ಳುತ್ತಿದ್ದೆ.

ಭಾದ್ರಪದದಲ್ಲಿ ನನ್ನ ಸೊಕ್ಕು ಇಳಿಯಿತು. ಊರಿಗೆಲ್ಲ ಬಂದ ಡೆಂಗಿ ನಮ್ಮ ಮನೆಗೂ ಬಂತು. ಎಲುಬು ಎಲುಬೂ ಯಾರೋ ಬಿಚ್ಚಿ ಇಟ್ಟಂತೆ ನೋವು. ಪರ್ವೀನ್ ಪರಂಗಿ ಎಲೆ ರಸ, ಗಂಜಿ ಎಂದು ತಂದು ಕೊಡುವಳು. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ನಾನು ಮಲಗಿದಲ್ಲೇ ಹುಲ್ಲು ಬೆಳೆಯುವ ಸದ್ದು ಕೇಳುತ್ತಿದೆ ಎನ್ನುತ್ತಿದ್ದೆನಂತೆ. ಕಿಟಕಿ ತೆಗೆಯಿರಿ ಎಂದರೆ ಯಜಮಾನರು ತೆಗೆಯುತ್ತಿರಲಿಲ್ಲ. ಮೊಣಕಾಲುದ್ದ ಬೆಳೆದಿತ್ತು ಎಂದು ಆಮೇಲೆ ಗೊತ್ತಾಯಿತು. ಮಳೆಗಾಲ ಮುಗಿದ ಕೂಡಲೇ ಉತ್ತರ ಕೇಳಲು ಬರುತ್ತೇನೆ ಎಂದು ಅಣ್ಣ ಫೋನು ಮಾಡಿದ್ದನ್ನು ಮಾತ್ರ ಕೇಳಿಸಿಕೊಂಡಿದ್ದೆ.

ಜ್ವರ ಬಿಡುತ್ತಿದ್ದ ಒಂದು ಬೆಳಿಗ್ಗೆ ಅಂಗಳದಿಂದ ಮೆಷಿನ್ನಿನ ಸದ್ದು ಕೇಳಿತು. ಕರೆಸಿಬಿಟ್ಟರು, ನನ್ನನ್ನು ಕೇಳದೆ ಆ ಗುತ್ತಿಗೆಯವರನ್ನೇ ಕರೆಸಿಬಿಟ್ಟರು ಎಂದು ಸಿಟ್ಟಿನಿಂದ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಬಾಗಿಲವರೆಗೆ ಬಂದೆ. ವ್ಯಾನು ಇರಲಿಲ್ಲ. ಪಂಚೆ ಮೇಲೆ ಕಟ್ಟಿ, ರೈನ್‌ಕೋಟು ತೊಟ್ಟು, ಕಲ್ಲು ಸಿಡಿದೀತೆಂಬ ಹೆದರಿಕೆಗೆ ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡ ಒಂದು ಆಕೃತಿ ಮೆಷಿನ್ ತಳ್ಳುತ್ತಿತ್ತು. ನಮ್ಮ ಯಜಮಾನರು. ಬಲ್ಬು ಬದಲಾಯಿಸಲೂ ಜನ ಕರೆಯುವ ಮನುಷ್ಯ. ಸಾಲು ಹಾವು ಹರಿದ ಹಾಗಿತ್ತು. ದಪ್ಪ ಹುಲ್ಲಿಗೆ ಮೆಷಿನ್ ಸಿಕ್ಕಿಕೊಂಡು ನಿಲ್ಲುತ್ತಿತ್ತು, ಅವರು ಬಗ್ಗಿ, ಪರ್ವೀನ್ ನನಗೆ ಹೇಳಿಕೊಟ್ಟ ಹಾಗೆಯೇ ಹಗ್ಗವನ್ನು ಸ್ವಲ್ಪ ಎಳೆದು, ಬಿಗಿ ನೋಡಿ, ಮತ್ತೆ ಎಳೆಯುತ್ತಿದ್ದರು. ಪೇಪರಿನ ಹಿಂದೆ ಕೂತು ಎಲ್ಲ ನೋಡಿ ಕಲಿತಿದ್ದರು.

ನನ್ನನ್ನು ಕಂಡು ಮೆಷಿನ್ ಆರಿಸಿದರು. ಹೆಲ್ಮೆಟ್ ತೆಗೆದರು. ಮುಖವೆಲ್ಲ ಹುಲ್ಲಿನ ಚೂರು.

"ಹೊರಗಿನವರು ಕೈ ಹಾಕ್ಬಾರ್ದು ಅಂದಿದ್ದೆ" ಎಂದೆ.

"ನಾನೇನ್ ಹೊರಗಿನವನಾ?" ಎಂದರು. ಮತ್ತೆ ಹೆಲ್ಮೆಟ್ ಹಾಕಿಕೊಂಡು ಹಗ್ಗ ಎಳೆದರು.

ಆ ಬಾಗಿಲಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಮದುವೆಯಾದಾಗಿನಿಂದ ನೂರು ಸಲ ಅವರನ್ನು ಪುಕ್ಕಲು ಎಂದು ಬೈದಿದ್ದೇನೆ. ಅವತ್ತು, ಆ ವಕ್ರ ವಕ್ರ ಸಾಲುಗಳನ್ನು ನೋಡುತ್ತ, ಈ ಗಂಡಸು ನನ್ನವನು ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಬೇಕೆನ್ನಿಸಿತು.

ಅಣ್ಣ ಬಂದಾಗ ನಾನು ಬಾಯಿ ತೆರೆಯುವ ಮುಂಚೆ ಯಜಮಾನರೇ ಹೇಳಿದರು, ಕೊಡುವುದಿಲ್ಲ ಎಂದು. ಅಣ್ಣ ಲಿಫ್ಟು, ಆಸ್ಪತ್ರೆ, ಮಂಡಿ ಎಂದು ಮತ್ತೆ ಶುರು ಮಾಡಿದ. "ಅವಳ ಮಂಡಿ ಅವಳು ನೋಡ್ಕೋತಾಳೆ, ಭಾವ. ಸೋತ್ರೆ ನಾನಿದೀನಿ" ಎಂದರು ಯಜಮಾನರು. ಅಣ್ಣ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಗೇಟಿನ ಹತ್ತಿರ ನಿಂತು ಒಮ್ಮೆ ಅಂಗಳವನ್ನೆಲ್ಲ ನೋಡಿದ. ಗೇಟು ಎಳೆದುಕೊಂಡು ಹೋದ. ಮತ್ತೆ ಮಾತು ಬಿಟ್ಟ ಎಂದುಕೊಂಡೆ. ಬಿಟ್ಟರೆ ಬಿಡಲಿ ಎಂದು ಬಾಯಲ್ಲಿ ಅಂದರೂ ಒಡಹುಟ್ಟಿದವನು, ನೋಯುತ್ತದೆ.

ಮಾಘದಲ್ಲಿ ಅವನದೇ ಫೋನು. ಮಗಳಿಗೆ ಸೀಮಂತ ಮಾಡಬೇಕು ಎಂದ. ಹಾಲ್‌ಗಳು ಸಿಗುತ್ತವೆ, ಆದರೆ ಎಂದು ನಿಲ್ಲಿಸಿದ. ಆ ಕಡೆ ಅವನು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. "ಮಗೀಗೆ ತಾತನ ತೋಟದಾಗೇ ಆಗ್ಬೇಕು ಅಂತ ಆಸೆ ಕಣಮ್ಮ. ನೀನು ಊ ಅಂದ್ರೆ." ಊ ಎಂದೆ. ಅವನ ಮಗಳು ಆಮೇಲೆ ನಗುತ್ತ ಹೇಳಿದ್ದು, ತಾನು ಏಸಿ ಹಾಲ್ ಕೇಳಿದ್ದೆ, ಅಪ್ಪನೇ ಒಪ್ಪಲಿಲ್ಲ ಅಂತ.

ಸೀಮಂತದ ಹಿಂದಿನ ದಿನ ಬೆಳಿಗ್ಗೆಯೇ ಅಣ್ಣ ಬಂದುಬಿಟ್ಟ. ನಾನು ಕೊನೆಯ ಟ್ರಿಪ್ಪುಗಳಲ್ಲಿದ್ದೆ. ಇಲ್ಲಿ ಕೊಡು ಎಂದು ಚಪ್ಪಲಿ ಬಿಟ್ಟು ಮೆಷಿನ್ ಹಿಡಿದ. ಸ್ವಲ್ಪ ದೂರ ಚೆನ್ನಾಗಿಯೇ ಹೋದ. ಆಮೇಲೆ ಏನೂ ಇಲ್ಲದ ಕಡೆ ಸರಕ್ಕನೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ. ಏನಾಯಿತಣ್ಣ ಎಂದೆ. ಇಲ್ಲೊಂದು ಕಲ್ಲುಕಂಬ ಇತ್ತಲ್ಲ ಎಂದ. ಇಬ್ಬರೂ ಆ ಬರೀ ಹುಲ್ಲನ್ನು ನೋಡುತ್ತ ನಿಂತೆವು. ಅವನಿಗೆ ಏದುಸಿರು ಬಂದಿತ್ತು. ಮಜ್ಜಿಗೆ ಕೊಟ್ಟು ನೆಲ್ಲಿಮರದ ಕೆಳಗೆ ಕೂರಿಸಿ, ಉಳಿದದ್ದನ್ನು ನಾನು ಮುಗಿಸಿದೆ. ನಾನು ಹೋಗಿ ಬರುವುದನ್ನು ಅವನು ಕೊನೆಯವರೆಗೂ ನೋಡುತ್ತ ಕೂತಿದ್ದ.

ಮರುದಿನ ಶಾಮಿಯಾನದ ಕೆಳಗೆ ಹಸಿರು ಬಳೆ ತೊಟ್ಟು ಅಣ್ಣನ ಮಗಳು ಕೂತಿದ್ದಳು. ಪರ್ವೀನ್ ಅವಳ ಮಡಿಲಿಗೆ ಮೈಸೂರು ಮಲ್ಲಿಗೆ ತಂದಿದ್ದಳು. ಯಜಮಾನರು ಬೆತ್ತದ ಕುರ್ಚಿಯನ್ನು ಹುಲ್ಲಿನ ನಟ್ಟನಡುವೆ ಹಾಕಿಕೊಂಡು ಬಂದವರಿಗೆಲ್ಲ ಚೋಕ್ ಎಂದರೇನೆಂದು ವಿವರಿಸುತ್ತಿದ್ದರು. ಊಟದ ಟೇಬಲ್ಲುಗಳಿಗೆ ನಾನು ಹೋಳಿಗೆಗೆ ತುಪ್ಪ ಬಡಿಸುತ್ತ ಬರುತ್ತಿದ್ದೆ. ಬೀಗರ ಕಡೆಯ ಹಿರಿಯರೊಬ್ಬರು ಚಪ್ಪಲಿ ಕಳಚಿ ಟೇಬಲ್ಲಿನ ಕೆಳಗೆ ಹುಲ್ಲಿನ ಮೇಲೆ ಕಾಲು ಆಡಿಸುತ್ತ, ಇಷ್ಟು ಚೆನ್ನಾಗಿ ಇಟ್ಟಿದ್ದಾರಲ್ಲ, ಯಾವ ರೆಸಾರ್ಟಿನವರದು ಈ ಜಾಗ ಎಂದು ಅಣ್ಣನನ್ನು ಕೇಳಿದರು.

"ರೆಸಾರ್ಟು ಅಲ್ಲ ಸ್ವಾಮಿ, ನಮ್ ತಂಗೀದು" ಎಂದ ಅಣ್ಣ, ಅನ್ನ ಕಲಸುತ್ತ. "ಅವ್ಳ ಪಾಲು. ಉಲ್ಲೂ ಅವ್ಳೇ ಕುಯ್ಯೋದು."

ನಾನು ಅವನ ಬೆನ್ನ ಹಿಂದೆಯೇ ಇದ್ದೆ. ಕೇಳಿಸದವಳ ಹಾಗೆ ಮುಂದೆ ಹೋದೆ. ಆಮೇಲೆ ಯಾರೂ ತುಪ್ಪ ಕೇಳದಿದ್ದರೂ, ಪಾತ್ರೆ ತುಂಬಿಸಿಕೊಂಡು ಸಾಲಿನ ಮೊದಲಿನಿಂದ ಇನ್ನೊಂದು ಸಲ ಬಡಿಸುತ್ತ ಬಂದೆ, ನಿಧಾನವಾಗಿ, ಇನ್ಯಾರಾದರೂ ಅವನನ್ನು ಅದೇ ಪ್ರಶ್ನೆ ಕೇಳಲಿ ಎಂದು.